ಬಾಣದ ಆಚೆ ಉಳಿದ ಬಿಳಿ ರಾಡಿ

ಮದುವೆ ಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ದಪ್ಪ ಕಾಗದ, ನುಣುಪು ಮೈ, ಒಂದು ಗೆರೆಯೂ ಇಲ್ಲ. ಬೇರೆಯವರ ಮನೆಯಲ್ಲಿ ಮಕ್ಕಳು ಅದರ ಮೇಲೆ ನವಿಲು ಬರೆಯುತ್ತಾರೆ. ನಾನು ನಡುವೆ ಒಂದು ಬಾಣ ಹಾಕಿ, ಎಡಕ್ಕೆ ಕಬ್ಬಿಣವನ್ನೂ ಆಮ್ಲಜನಕವನ್ನೂ ಬರೆದು, ಬಲಕ್ಕೆ ತುಕ್ಕು ಬರೆದು, ಎರಡೂ ಕಡೆಯ ಪರಮಾಣುಗಳನ್ನು ಎಣಿಸುತ್ತಾ ಕೂರುತ್ತೇನೆ. ಕೆಲವರು ಪದಬಂಧ ಬಿಡಿಸುವುದಿಲ್ಲವೇ, ಹಾಗೆ. ಎಡಕ್ಕೆಷ್ಟೋ ಬಲಕ್ಕಷ್ಟೇ ಎಂದು ಕೂಡಿಬಂದಾಗ ಮನಸ್ಸಿಗೆ ಎಂಥದೋ ಹಗುರ.

ಒಮ್ಮೆ ಹಿರೇಹಡಗಲಿಯಿಂದ ಬಂದಿದ್ದ ನಮ್ಮ ಯಜಮಾನರ ಅತ್ತೆಯೊಬ್ಬರು ಅಂಥ ಪತ್ರಿಕೆಯನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಗಿರಿಜವ್ವಾ, ಇದು ಯಾರು ಬರಕೊಟ್ಟ ಯಂತ್ರನವ್ವಾ? ಮದುಮಗಳಿಗೆ ದೃಷ್ಟಿ ಆಗಬಾರದು ಅಂತೇನು?"

"ಇಲ್ರಿ ಅತ್ತಿ, ಅದು ತುಕ್ಕು."

"ಅಯ್ಯ ಶಿವನ! ಮದುವಿ ಪತ್ರಿಕಿ ಮ್ಯಾಲ ತುಕ್ಕು ಬರೀತಾರೇನ ಯಾರಾದ್ರೂ!"

ಆಮೇಲೆ ಅವರು ಆ ಪತ್ರಿಕೆಯನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟರು. ಯಾವುದಕ್ಕೂ ಇರಲಿ ಎಂದು.

ಈ ಹುಚ್ಚು ಹತ್ತಿದ್ದು ಕೊಟ್ಟೂರಿನಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಹತ್ತನೆಯ ತರಗತಿಯಲ್ಲಿದ್ದಾಗ. ಹತ್ತಿಸಿದವರು ಹಾಲೇಶಪ್ಪ ಮೇಷ್ಟ್ರು. ಹರಪನಹಳ್ಳಿಯವರು, ವಯಸ್ಸಿನಲ್ಲಿ ಚಿಕ್ಕವರು, ಸೀಮೆಸುಣ್ಣದ ಪುಡಿಯಲ್ಲಿ ಮಿಂದೆದ್ದಂತೆ ಇರುತ್ತಿದ್ದರು. ನಮ್ಮ ಶಾಲೆಯಲ್ಲಿ ಪ್ರಯೋಗಶಾಲೆ ಅಂತ ಇದ್ದದ್ದು ಒಂದು ಗಾಜಿನ ಬೀರು. ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಹತ್ತಿರ. ಅವರು ಅದನ್ನು ಎಲ್ಲಿಟ್ಟಿದ್ದರೋ ಅವರಿಗೇ ತಿಳಿಯದು. ಹಾಗಾಗಿ ಹಾಲೇಶಪ್ಪ ಮೇಷ್ಟ್ರು ಪ್ರಯೋಗಕ್ಕೆ ನಮ್ಮನ್ನೇ ಬಳಸುತ್ತಿದ್ದರು.

ಸಮೀಕರಣ ಸರಿದೂಗಿಸುವುದನ್ನು ಕಲಿಸಿದ ದಿನ ತರಗತಿಯಲ್ಲಿದ್ದ ಹುಡುಗಿಯರನ್ನೆಲ್ಲ ಮುಂದಕ್ಕೆ ಕರೆದರು. ನಾವಿದ್ದದ್ದೇ ಐವರು. ನಾನು ಆಗ ಸ್ವಲ್ಪ ಗುಂಡಗಿದ್ದೆ. "ನೀನು ಆಮ್ಲಜನಕ" ಎಂದು ನನಗೆ ಭಾರದ ಪಾತ್ರ ಕೊಟ್ಟರು. ಇನ್ನೊಂದು ಆಮ್ಲಜನಕವಾದವಳ ಕೈ ಹಿಡಿದು ನಾನು ನಿಂತೆ. ನನ್ನ ಗೆಳತಿ ಶಾಹಿದಾಳೂ ಮತ್ತೊಬ್ಬಳೂ ಜಲಜನಕವಾಗಿ ಕೈ ಹಿಡಿದು ನಿಂತರು. "ಈಗ ಕೈ ಬಿಡ್ರಿ. ನೀರಾಗ್ರಿ" ಎಂದರು ಮೇಷ್ಟ್ರು. ಜಲಜನಕಗಳೆರಡೂ ಹೋಗಿ ಇನ್ನೊಬ್ಬಳ ಎರಡು ಕೈಗೆ ಜೋತುಬಿದ್ದವು. ನೀರಾಯಿತು. ನಾನು ಮಾತ್ರ ಗೋಡೆಯ ಪಕ್ಕ ಒಂಟಿಯಾಗಿ ಉಳಿದೆ.

"ಇವಳನ್ನ ಏನ್ಮಾಡೋಣ? ಮನೆಗೆ ಕಳ್ಸೋಣ್ವಾ?"

"ಹೂಂ ಸಾರ್!" ಎಂದು ಹುಡುಗರೆಲ್ಲ ಒಂದೇ ಕಂಠದಲ್ಲಿ ಕೂಗಿದರು.

"ಕಳ್ಸಂಗಿಲ್ಲ. ಯಾರನ್ನೂ ಹೊರಗೆ ಹಾಕಂಗಿಲ್ಲ, ಯಾರನ್ನೂ ಮಾಯ ಮಾಡಂಗಿಲ್ಲ. ಇನ್ನೊಂದು ಜೋಡಿ ಜಲಜನಕ ಬೇಕು, ಅಷ್ಟೆ."

ಜೋಡಿಗೆ ಉಳಿದಿದ್ದವಳು ಒಬ್ಬಳೇ ಹುಡುಗಿ. ಇನ್ನೊಂದಕ್ಕೆ ಅಂಜಿನಿ ಎಂಬ ಹುಡುಗನನ್ನು ಎಬ್ಬಿಸಿದರು. ಆ ಕಾಲದ ಕೊಟ್ಟೂರಿನಲ್ಲಿ ಹುಡುಗ ಹುಡುಗಿಯ ಕೈ ಹಿಡಿಯುವುದೆಂದರೇನು! ಅವನ ಕಿವಿ ಕೆಂಪಾಯಿತು. ಕಡೆಗೆ ಮೇಷ್ಟ್ರು ತಮ್ಮ ಹೆಗಲ ಟವಲ್ಲನ್ನು ಕೊಟ್ಟರು. ಅದರ ಒಂದು ತುದಿ ಅಂಜಿನಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಹೀಗೆ ಟವಲ್ಲಿನ ನೆರವಿನಿಂದ ನಮ್ಮ ಎರಡನೆಯ ನೀರು ತಯಾರಾಯಿತು. ಎರಡು ಜೋಡಿ ಜಲಜನಕ, ಒಂದು ಜೋಡಿ ಆಮ್ಲಜನಕ, ಎರಡು ನೀರು. ಯಾರೂ ಉಳಿಯಲಿಲ್ಲ, ಯಾರೂ ಕಳೆಯಲಿಲ್ಲ.

ಅದು ಅರ್ಥವಾಯಿತೆಂದು ನಾನು ಬೀಗಿ, ಮರುದಿನ ಹಲಗೆಯ ಮುಂದೆ ಹೋಗಿ ಇನ್ನೂ ಸುಲಭದ ಉಪಾಯ ಹೂಡಿದೆ. ಜಲಜನಕ ಮತ್ತು ಆಮ್ಲಜನಕ ಕೂಡಿದರೆ ನೀರು ತಾನೆ? ಬಲಗಡೆ ಆಮ್ಲಜನಕ ಒಂದು ಕಡಿಮೆ ಬಿತ್ತು. ನೀರಿನ H₂O ಕಾಲಿಗೆ ಪುಟ್ಟದೊಂದು 2 ಅಂಟಿಸಿದೆ. H₂O₂. ಕೂಡಿತು! ಹುಡುಗರ ಕಡೆ ಹೆಮ್ಮೆಯಿಂದ ನೋಡಿದೆ.

"ಇದನ್ನ ಕುಡೀತೀಯೇನಮ್ಮ?" ಎಂದರು ಮೇಷ್ಟ್ರು.

"ನೀರಲ್ಲೇನ್ರಿ ಸಾರ್?"

"ಅಲ್ಲ. ಆಸ್ಪತ್ರೆಲಿ ಗಾಯ ತೊಳಿಯಾಕೆ ಹಾಕ್ತಾರಲ್ಲ, ಬುರುಬುರು ಅಂತ ನೊರೆ ಬರ್ತೈತಲ್ಲ, ಅದು ಇದು. ಕೆಳಗಿನ ಚಿಕ್ಕ ಅಂಕಿ ಮುಟ್ಟಬಾರದು. ಮುಟ್ಟಿದ್ರೆ ವಸ್ತುನೇ ಬೇರೆ ಆಗ್ತೈತೆ. ಮುಂದಿನ ದೊಡ್ಡ ಅಂಕಿ ಮಾತ್ರ ನಮ್ಮ ಕೈಲಿರೋದು."

ಹಿಂದಿನ ಬೇಸಿಗೆಯಲ್ಲಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಕಾಂಪೌಂಡರು ಅದನ್ನೇ ಹೊಯ್ದಿದ್ದರು. ನಾನು ಓಣಿಗೆಲ್ಲ ಕೇಳುವಂತೆ ಅತ್ತಿದ್ದೆ. ಒಂದು ಪುಟ್ಟ ಅಂಕಿಗೆ ಇಷ್ಟು ಉರಿ ಇರುತ್ತದೆಂದು ಅವತ್ತು ಹಲಗೆಯ ಮುಂದೆಯೇ ನನಗೆ ತಿಳಿದದ್ದು. ಆಮೇಲೆ ಮನೆಯಲ್ಲಿ ಕಂಡದ್ದಕ್ಕೆಲ್ಲ ನಡುವೆ ಬಾಣ ಹಾಕತೊಡಗಿದೆ. ಒಲೆಗೆ ಅಷ್ಟುದ್ದ ಕಟ್ಟಿಗೆ ಹೋಗುತ್ತದೆ, ಹಿಡಿಯಷ್ಟು ಬೂದಿ ಬರುತ್ತದೆ, ಉಳಿದದ್ದು ಎಲ್ಲಿ? ಅವ್ವನನ್ನು ಕೇಳಿದೆ. "ನಿನ್ನ ತಲಿಯಾಗ ಹೋತು. ರೊಟ್ಟಿ ಸೀದೀತು, ತಿರುವಿ ಹಾಕು" ಎಂದಳು.

ಈಗ ಶಾಹಿದಾಳ ಮಾತಿಗೆ ಬರುತ್ತೇನೆ. ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿಕೊಂಡು ಅವಳ ಅಪ್ಪ ಖಾದರ್ ಮಾಮನ ವೆಲ್ಡಿಂಗ್ ಅಂಗಡಿ ಇತ್ತು. ಜಾಗ ಬಾಡಿಗೆಯದು, ಮಾಲಕರು ಕೂಡ್ಲಿಗಿಯವರು. ಬಂಡಿಯ ಅಚ್ಚು, ಬಸ್ಸಿನ ಸ್ಪ್ರಿಂಗು, ಶೇಂಗಾ ಒಡೆಯುವ ಯಂತ್ರದ ಹಲ್ಲು, ಮುರಿದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಅಂಗಡಿಯ ಮೂಲೆಯಲ್ಲಿ ಆಳೆತ್ತರದ ಕಬ್ಬಿಣದ ಟ್ಯಾಂಕು. ಅದರ ನೀರಿಗೆ ಬೂದುಬಣ್ಣದ ಕಾರ್ಬೈಡ್ ಕಲ್ಲು ಹಾಕಿದರೆ ಒಳಗೆ ಬುಸುಗುಟ್ಟಿ ಗ್ಯಾಸು ಏಳುತ್ತಿತ್ತು. ಆ ಗ್ಯಾಸು ಒಂದು ಕೊಳವೆಯಲ್ಲಿ, ಹೊಸಪೇಟೆಯಿಂದ ಲಾರಿಯಲ್ಲಿ ಬರುವ ಸಿಲಿಂಡರಿನ ಆಮ್ಲಜನಕ ಇನ್ನೊಂದು ಕೊಳವೆಯಲ್ಲಿ. ಎರಡೂ ತುದಿಯಲ್ಲಿ ಸೇರಿ ನೀಲಿ ಜ್ವಾಲೆ. ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದಲ್ಲಿ ಒಂದು ಬಿಳಿ ರಾಡಿ ಉಳಿಯುತ್ತಿತ್ತು. ಮೂಗು ಮುಚ್ಚಿಕೊಳ್ಳಬೇಕು, ಕೊಳೆತ ಬೆಳ್ಳುಳ್ಳಿಯ ನಾತ. ಖಾದರ್ ಮಾಮ ಅದನ್ನು ಅಂಗಡಿಯ ಹಿಂದಕ್ಕೆ ಚೆಲ್ಲುತ್ತಿದ್ದ. ಅದು ನಿಧಾನಕ್ಕೆ ಹರಿದು ನಮ್ಮ ಹಿತ್ತಲಿಗೆ ಬಂದು ನುಗ್ಗೆಗಿಡದ ಬುಡದಲ್ಲಿ ನಿಂತಿತು. ಕೆಲವು ತಿಂಗಳಲ್ಲಿ ಗಿಡದ ಎಲೆ ಹಳದಿಯಾಗಿ, ಉದುರಿ, ಬರೀ ಕೋಲು ಉಳಿಯಿತು.

ನಮ್ಮ ಮನೆಯ ಹಿರಿಯ ಎಂದರೆ ನನ್ನಪ್ಪನ ಅಣ್ಣ, ದೊಡ್ಡಪ್ಪ ಮಲ್ಲಣ್ಣ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ದೊಡ್ಡಪ್ಪ ಪ್ರಶ್ನೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಳೆ, ಬೆಳೆ, ಸೊಸೆ, ಸರಕಾರ, ಯಾವುದಾದರೂ ಸರಿ, ಕಟ್ಟೆಯ ಮೇಲೆ ಕೂತು ತೀರ್ಪು ಹೇಳುವವನು. ನುಗ್ಗೆಗಿಡದ ವಿಷಯದಲ್ಲೂ ಒಂದೇ ಮಾತು ಹೇಳಿದ.

"ಅದು ವಿಷ. ಇವತ್ತು ಗಿಡ ಹೋತು, ನಾಳಿ ದನ ಹೋಗ್ತಾವು, ನಾಡಿದ್ದು ಮಕ್ಕಳು. ಕೂಡ್ಲಿಗಿಗೆ ಹೋಗಿ ಅಂಗಡಿ ಮಾಲಕಗ ಹೇಳಿಬರ್ತೀನಿ. ಖಾದರ ಜಾಗ ಖಾಲಿ ಮಾಡ್ಲಿ."

ಓಣಿಯವರೂ ಹೌದೆಂದರು. ನಾತವಂತೂ ಎಲ್ಲರ ಮೂಗಿಗೂ ಹತ್ತಿತ್ತು.

ಮರುದಿನ ಶಾಲೆಗೆ ಹೋಗುವಾಗ ಶಾಹಿದಾ ಹಿಂದೆ ಹಿಂದೆಯೇ ಉಳಿದಳು. ಶಾಲೆಯ ಬಾಗಿಲ ಹತ್ತಿರ ಬಂದಾಗ ಹೇಳಿದಳು.

"ಅಬ್ಬಾ ಹಗರಿಬೊಮ್ಮನಹಳ್ಳಿಗೆ ಹೋಗಣ ಅನ್ನಾಕ ಹತ್ಯಾನ. ಅಲ್ಲಿ ನಮ್ಮ ಮಾಮುಂದು ಟಾಯರ್ ಅಂಗಡಿ ಐತಿ."

"ಅಲ್ಲೂ ಹೈಸ್ಕೂಲ್ ಐತಲ್ಲ?"

"ನನಗ ಹಾಕ್ತಾರೇನು? ವರ್ಷದ ನಡುವ ಬ್ಯಾಡ ಅಂತಾಳ ದಾದಿ. ಸಾಲಿ ಇಲ್ಲಿಗೇ ಸಾಕಂತ."

ದಾದಿ ಎಂದರೆ ಅವಳ ಅಜ್ಜಿ. ಶಾಹಿದಾ ನಮ್ಮೆಲ್ಲರಿಗಿಂತ ಬೇಗ ಲೆಕ್ಕ ಬಿಡಿಸುವವಳು. ಅವಳಿಲ್ಲದ ಬೆಂಚು ನನ್ನ ಕಣ್ಣಿಗೆ ಕಟ್ಟಿತು. ದೊಡ್ಡಪ್ಪನ ಮುಂದೆ ಮಾತಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದ್ದರೂ ಏನೆಂದು ಹೇಳುವುದು? ಗಿಡ ಸತ್ತದ್ದು ನಿಜ, ನಾತ ನಿಜ.

ಅದೇ ವಾರ ಪಾಠದಲ್ಲಿ ಅಸಿಟಿಲೀನ್ ಬಂತು. ಮೇಷ್ಟ್ರು ಹಲಗೆಯ ಮೇಲೆ ಕಾರ್ಬೈಡ್, ನೀರು ಎಂದು ಬರೆದು ಬಾಣ ಹಾಕಿ, ಆಚೆ ಅಸಿಟಿಲೀನ್ ಬರೆದು ನಿಲ್ಲಿಸಿದರು.

"ಸಾರ್, ಇದು ನಮ್ಮಂಗಡ್ಯಾಗ ಮಾಡ್ತಾರ್ರಿ" ಎಂದಳು ಶಾಹಿದಾ.

"ಹಂಗಾದ್ರೆ ನೀನೇ ಹೇಳು, ಗ್ಯಾಸ್ ಹೋದ ಮೇಲೆ ಉಳಿಯೋದೇನು? ಪುಸ್ತಕ ತೆಗೀಬ್ಯಾಡ್ರಿ. ಎಣಿಸಿ ಕಂಡುಹಿಡೀರಿ."

ಹಾಗೆ ಎಣಿಸಿ ಕಂಡುಹಿಡಿಯಬಹುದೆಂದೇ ನನಗೆ ಗೊತ್ತಿರಲಿಲ್ಲ. ಎಡಗಡೆ ಕಾರ್ಬೈಡು, CaC₂. ಒಂದು ಕ್ಯಾಲ್ಸಿಯಂ, ಎರಡು ಇಂಗಾಲ. ಪಕ್ಕದಲ್ಲಿ ನೀರು, H₂O. ಬಲಗಡೆ ಗ್ಯಾಸು, C₂H₂, ಎರಡು ಇಂಗಾಲವನ್ನೂ ಎರಡು ಜಲಜನಕವನ್ನೂ ಎತ್ತಿಕೊಂಡು ಹೋಯಿತು. ಉಳಿದದ್ದು ಒಂದು ಕ್ಯಾಲ್ಸಿಯಂ, ಒಂದು ಆಮ್ಲಜನಕ. CaO. ಸುಟ್ಟ ಸುಣ್ಣದ ಹರಳು! ನಾನು ಕೈ ಎತ್ತಿದೆ. ಅಷ್ಟರಲ್ಲಿ ಶಾಹಿದಾಳೂ ಎತ್ತಿದ್ದಳು. ಅವಳು ನೀರಿನ ಮುಂದೆ ದೊಡ್ಡ 2 ಹಾಕಿದ್ದಳು. ಅವಳ ಲೆಕ್ಕದಲ್ಲಿ ಇನ್ನೂ ಒಂದು ನೀರಿನಷ್ಟು ಹೆಚ್ಚು ಉಳಿದು Ca(OH)₂ ಆಗಿತ್ತು. ಅದು ಅರಳಿದ ಸುಣ್ಣ, ಗೋಡೆಗೆ ಬಳಿಯುವಂಥದ್ದು.

ಮೇಷ್ಟ್ರು ಎರಡನ್ನೂ ಹಲಗೆಯ ಮೇಲೆ ಬರೆಸಿದರು. ಎರಡೂ ಕೂಡುತ್ತಿದ್ದವು. ಎಡಕ್ಕೆಷ್ಟೋ ಬಲಕ್ಕಷ್ಟೇ. ನಾನು ತಬ್ಬಿಬ್ಬಾದೆ.

"ಎರಡೂ ಸರಿ ಏನ್ರಿ ಸಾರ್?"

"ಎರಡೂ ತೂಗ್ತಾವೆ. ಆದ್ರೆ ಆ ಟ್ಯಾಂಕಿನಾಗೆ ಆಗೋದು ಯಾವುದು ಅಂತ ಹಲಗೆ ಹೇಳಲ್ಲ ನೋಡಮ್ಮ. ಸಂಜೆ ಹೋಗಿ ಟ್ಯಾಂಕ್ ನೋಡ್ರಿ. ಹರಳೈತೋ, ರಾಡಿ ಐತೋ."

ಸಂಜೆ ಇಬ್ಬರೂ ಓಡಿದೆವು. ಖಾದರ್ ಮಾಮ ಟ್ಯಾಂಕು ತೊಳೆಯುತ್ತಿದ್ದ. ಒಳಗೆ ಹರಳು ಎಲ್ಲಿಂದ ಬರಬೇಕು, ಬೆಚ್ಚಗಿನ ಮೊಸರಿನಂಥ ರಾಡಿ. ಯೋಚಿಸಿದರೆ ಗೊತ್ತಾಗುತ್ತಿತ್ತು. ಅಷ್ಟು ನೀರಿನ ನಡುವೆ ಸುಣ್ಣದ ಹರಳು ಹರಳಾಗಿಯೇ ಕೂತಿರುತ್ತದೆಯೇ? ಕುದಿದು ಅರಳಿಬಿಡುತ್ತದೆ. ನನ್ನ ಸಮೀಕರಣ ಸರಿದೂಗಿತ್ತು, ಆದರೆ ಅರ್ಧ ದಾರಿಯಲ್ಲೇ ಕೂತುಬಿಟ್ಟಿತ್ತು.

"ಹಂಗಾದ್ರ ಇದು ಸುಣ್ಣ!" ಎಂದು ಶಾಹಿದಾ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಗಿರಿಜಾ, ಇದು ವಿಷ ಅಲ್ಲಲೇ, ಸುಣ್ಣ!"

"ಏನಾಗೈತಪ್ಪ ಇವಕ್ಕ?" ಎಂದ ಖಾದರ್ ಮಾಮ, ಬಕೆಟ್ಟು ಹಿಡಿದುಕೊಂಡೇ.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಓಣಿಯ ಹಿರಿಯರನ್ನು ನಮ್ಮ ಕಟ್ಟೆಗೆ ಕರೆಸಿದ್ದ. ಖಾದರ್ ಮಾಮ ಟೊಪ್ಪಿಗೆ ಹಾಕಿಕೊಂಡು ಬಂದು ಕೆಳಗೆ ನಿಂತಿದ್ದ.

"ನಾ ಬೇಕಂತ ಬಿಟ್ಟಿಲ್ರಿ ಮಲ್ಲಣ್ಣಾರ. ಹೋಗು ಅಂದ್ರ ಹೋಗ್ತೀನಿ. ನಿಮ್ಮ ಕೂಡ ಜಗಳ ಆಡಿ ನಾ ಎಲ್ಲಿ ಇರ್ಲಿ?"

ಆಗ ನಾನು ಬಟ್ಟಲಲ್ಲಿ ರಾಡಿ ಹಿಡಿದುಕೊಂಡು ಒಳಗಿನಿಂದ ಬಂದೆ. ಏನು ಹೇಳಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ, ದೊಡ್ಡಪ್ಪನ ಮುಖ ನೋಡಿದೊಡನೆ ಒಂದಕ್ಷರವೂ ಬರಲಿಲ್ಲ. ಬಾಯಿ ಬಿಡದೆ ಮುಷ್ಟಿಯಲ್ಲಿದ್ದ ಅರಿಶಿನ ಪುಡಿಯನ್ನು ಬಟ್ಟಲಿಗೆ ಹಾಕಿ ಕಲೆಸಿದೆ. ಕೆಂಪಗಾಯಿತು. ರಕ್ತಗೆಂಪು.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, "ಅಯ್ಯ, ಓಕಳಿ ಆತಲ್ಲ! ಆರತಿಗೆ ಮಾಡ್ತೀವಲ್ಲ, ಅದ!" ಎಂದಳು.

"ಇದು ಸುಣ್ಣ, ದೊಡ್ಡಪ್ಪಾ" ಎಂದೆ. ಅಲ್ಲಿಂದ ಮಾತು ಬಂತು. ಕಾರ್ಬೈಡು, ನೀರು, ಗ್ಯಾಸು, ಏನು ಹೋಯಿತು, ಏನು ಉಳಿಯಿತು, ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದೆ. ಬಾಣವನ್ನೂ ಹಾಕಿದೆ. ಹಿರಿಯರು ಬಗ್ಗಿ ನೋಡಿದರು. ಒಬ್ಬರು ಬಾಣದ ತುದಿ ಯಾವ ದಿಕ್ಕಿಗಿದೆಯೆಂದು ನೋಡಿಕೊಂಡು, ಶುಭದ ದಿಕ್ಕೇ ಎಂದರು.

 ದೊಡ್ಡಪ್ಪ ತನ್ನ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ಇದನ್ನ ಮೂಸು. ವಾಸನಿ ಐತೇನು?"

"ಇಲ್ಲ."

"ನಿನ್ನ ಬಟ್ಟಲದಾಗಿಂದು?"

"ಐತಿ."

"ಹಂಗಾದ್ರ ಹೇಳು. ನೀ ಬರದೀಯಲ್ಲ ಅಷ್ಟುದ್ದ, ಅದ್ರಾಗ ಈ ವಾಸನಿ ಎಲ್ಲೈತಿ?"

ನಾನು ನೆಲ ನೋಡಿದೆ. ಕ್ಯಾಲ್ಸಿಯಂ ಇತ್ತು, ಇಂಗಾಲ ಇತ್ತು, ಜಲಜನಕ, ಆಮ್ಲಜನಕ ಇದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬೆಳ್ಳುಳ್ಳಿಯ ನಾತಕ್ಕೆ ಎಲ್ಲಿಯೂ ಜಾಗವಿರಲಿಲ್ಲ. ದೊಡ್ಡಪ್ಪ ಪ್ರಶ್ನೆ ಕೇಳಿದ್ದು ಅದೇ ಮೊದಲು, ಕೇಳಿದ್ದು ಎಂಥ ಪ್ರಶ್ನೆ! ಸೋತ ದುಃಖದ ನಡುವೆಯೂ ನನಗೆ ಅದರ ಮೇಲೆಯೇ ಆಸೆ ಹುಟ್ಟಿತು. ಹೌದಲ್ಲ, ಎಲ್ಲಿಂದ ಬಂತು ಈ ನಾತ?

ಅಪ್ಪನ ಹಿಂದೆ ನಿಂತಿದ್ದ ಶಾಹಿದಾ ಆಗಲೇ ಓಡಿಹೋಗಿದ್ದಳು. ಸ್ವಲ್ಪ ಹೊತ್ತಿಗೆ ಹಾಲೇಶಪ್ಪ ಮೇಷ್ಟ್ರನ್ನು ಅವರ ಬಾಡಿಗೆ ಕೋಣೆಯಿಂದ ಎಳೆದುಕೊಂಡು ಬಂದಳು. ಅರ್ಧ ಗಡ್ಡ ಹೆರೆದಿದ್ದರು, ಇನ್ನರ್ಧಕ್ಕೆ ಸಾಬೂನು ಹಾಗೆಯೇ ಇತ್ತು. ದೊಡ್ಡಪ್ಪ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದ. ಮೇಷ್ಟ್ರು ಬಟ್ಟಲನ್ನು ಮೂಸಿದರು. ನೆಲದ ಮೇಲಿನ ಸಮೀಕರಣ ನೋಡಿದರು. ಮತ್ತೆ ಮೂಸಿದರು. ಇನ್ನೇನು ದೊಡ್ಡ ಉತ್ತರ ಬರುತ್ತದೆಂದು ನಾನು ಉಸಿರು ಹಿಡಿದೆ.

"ಯಜಮಾನ್ರೆ, ನನಗೆ ಗೊತ್ತಿಲ್ಲ."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಶಾಹಿದಾ ತಲೆ ತಗ್ಗಿಸಿದಳು.

"ಮೇಷ್ಟ್ರಿಗೇ ಗೊತ್ತಿಲ್ಲಂದ್ರ?" ಎಂದ ದೊಡ್ಡಪ್ಪ.

"ಸುಣ್ಣ ಅನ್ನೋದು ಖರೆ. ವಾಸನೆ ಎಲ್ಲಿಂದ ಬಂತೋ ಗೊತ್ತಿಲ್ಲ. ನನಗೆ ಯಾವತ್ತೂ ಹೊಳೆದೇ ಇಲ್ಲ ಈ ಪ್ರಶ್ನೆ. ದಾವಣಗೆರೆಲಿ ನಮಗೆ ಪಾಠ ಹೇಳಿದ ಗುರುಗಳಿದಾರೆ, ಕೇಳ್ಕಂಡು ಬರ್ತೀನಿ. ಅಲ್ಲಿತಂಕ ಮಾಲಕರಿಗೆ ಹೇಳಬ್ಯಾಡ್ರಿ."

ದೊಡ್ಡಪ್ಪ ಅವರ ಸಾಬೂನು ಹತ್ತಿದ ಮುಖವನ್ನೇ ನೋಡಿದ. ಅವನ ಮನಸ್ಸಿನಲ್ಲಿ ಏನು ಓಡಿತೋ ನನಗೆ ತಿಳಿಯದು. ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟುಕೊಂಡು ಹೇಳಿದ.

"ಆತು. ಕೇಳಿಬರ್ರಿ. ಬಂದು ಮೊದ್ಲು ನನಗ ಹೇಳ್ಬೇಕು. ನಾನೂ ತಿಳ್ಕೊಬೇಕು ಅದನ್ನ."

ಮುಂದಿನ ಭಾನುವಾರ ಮೇಷ್ಟ್ರು ದಾವಣಗೆರೆಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬಂದರು. ಇಳಿದವರೇ ಮನೆಗೂ ಹೋಗದೆ ನಮ್ಮ ಕಟ್ಟೆಗೆ ಬಂದರು. ಕಾರ್ಬೈಡನ್ನು ಮಾಡುವುದೇ ಸುಣ್ಣವನ್ನೂ ಇದ್ದಿಲನ್ನೂ ದೊಡ್ಡ ಕುಲುಮೆಯಲ್ಲಿ ಹಾಕಿ ಸುಟ್ಟೇ ಅಂತೆ. ಆ ಕಚ್ಚಾ ಮಾಲಿನಲ್ಲಿ ಒಂದಿಷ್ಟು ರಂಜಕ ಸೇರಿಕೊಂಡಿರುತ್ತದಂತೆ. ನೀರು ತಾಗಿದಾಗ ಅದೂ ಒಂದು ಗ್ಯಾಸಾಗಿ ಏಳುತ್ತದೆ, ನಾತ ಅದರದ್ದು. ತುಸು ಇದ್ದರೂ ಮೂಗಿಗೆ ಬಡಿಯುತ್ತದೆ. ರಾಡಿಯನ್ನು ಬಯಲಲ್ಲಿ ಬಿಟ್ಟು ಆಗಾಗ ತಿರುವುತ್ತಿದ್ದರೆ ನಾತ ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ.

"ಇವರು ಬರ್ದಿದ್ದು ಶುದ್ಧ ಕಾರ್ಬೈಡಿನ ಲೆಕ್ಕ. ಅಂಗಡೀಲಿರೋದು ಶುದ್ಧ ಅಲ್ಲ" ಎಂದರು ಮೇಷ್ಟ್ರು. "ನಿಮ್ಮ ಗಿಡದ ವಿಷಯದಾಗೆ ನೀವು ಹೇಳಿದ್ದು ಸರಿ ಐತೆ ಯಜಮಾನ್ರೆ. ಅಷ್ಟು ಸುಣ್ಣ ಒಂದೇ ಕಡೆ ನಿಂತ್ರೆ ಬೇರು ಸುಡ್ತೈತೆ. ಹರಿಯಾಕೆ ಬಿಡಬಾರದು."

"ಸುಣ್ಣದಾಗಿಂದ ಹುಟ್ಟಿ ತಿರುಗಿ ಸುಣ್ಣನ ಆತು" ಎಂದು ದೊಡ್ಡಪ್ಪ ತನ್ನಷ್ಟಕ್ಕೆ ಹೇಳಿಕೊಂಡ.

ಖಾದರ್ ಮಾಮ ಅಂಗಡಿಯ ಹಿಂದೆ ಗುಂಡಿ ತೋಡಿ, ಸುತ್ತ ಬಂಡೆ ಜೋಡಿಸಿ, ರಾಡಿಯನ್ನು ಅದಕ್ಕೆ ಬಿಡತೊಡಗಿದ. ದೊಡ್ಡಪ್ಪ ಕೂಡ್ಲಿಗಿಗೆ ಹೋಗುವ ಮಾತನ್ನು ಮುಂದೂಡಿದ. ದಿನಾ ಬೆಳಿಗ್ಗೆ ಚೊಂಬು ಹಿಡಿದು ಹೊರಟವನು ಗುಂಡಿಯ ಹತ್ತಿರ ನಿಂತು, ಆಚೀಚೆ ನೋಡಿ, ಬಗ್ಗಿ ಮೂಸಿ ಬರುತ್ತಿದ್ದ. ಯಾರೂ ನೋಡಿಲ್ಲವೆಂದು ಅವನ ಭಾವನೆ. ಇಡೀ ಓಣಿ ನೋಡುತ್ತಿತ್ತು. "ಇವತ್ತ ಕಡಿಮಿ ಆಗೈತಿ" ಎಂದು ದೊಡ್ಡಮ್ಮನಿಗೆ ಹೇಳುತ್ತಿದ್ದನಂತೆ. ಒಂದು ದಿನ ಗುಂಡಿಯ ಮೇಲೆ ನಿಂತಿದ್ದ ತಿಳಿನೀರನ್ನು ಮೇಷ್ಟ್ರು ಲೋಟಕ್ಕೆ ಬಸಿದು, ಪಪ್ಪಾಯಿ ಎಲೆಯ ದಂಟು ಕೊಟ್ಟು, "ಊದಿ ನೋಡ್ರಿ, ಒಳಗೆ ಎಳ್ಕಬ್ಯಾಡ್ರಿ" ಎಂದರು. ದೊಡ್ಡಪ್ಪ ಕೆನ್ನೆ ಉಬ್ಬಿಸಿ ಊದಿದ. ತಿಳಿನೀರು ಹಾಲಿನಂತೆ ಬೆಳ್ಳಗಾಯಿತು. ಅವನು ದಂಟನ್ನೊಮ್ಮೆ, ಲೋಟವನ್ನೊಮ್ಮೆ ನೋಡಿ ಕೇಳಿದ, "ನನ್ನ ಉಸಿರಿನಾಗ ಏನೈತಿ?"

ಮುಗಿಯಿತು. ಅಲ್ಲಿಂದ ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಶಾಲೆಯಿಂದ ಬಂದೊಡನೆ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಳ್ಳುವನು. ತಾಮ್ರದ ಹಂಡೆ ಹಸಿರಾಗುವುದೇಕೆ? ಸೌಳುಪ್ಪು ಹಾಕಿದರೆ ಹಿಟ್ಟು ಉಬ್ಬುವುದೇಕೆ? ನಮಗೆ ಗೊತ್ತಿರದಿದ್ದರೆ ಮೇಷ್ಟ್ರಿಗೆ ಹೇಳಿಕಳಿಸುವನು. ಮೇಷ್ಟ್ರು ಗಡ್ಡ ಹೆರೆದುಕೊಳ್ಳಲು ಹೊತ್ತು ಬಿಟ್ಟು ಕರೆಯಬೇಕೆಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದಳು.

ಮಹಾನವಮಿಗೆ ಮನೆ ಸುಣ್ಣ ಬಳಿಯುವ ಹೊತ್ತಿಗೆ ಹಳೆಯ ರಾಡಿಯ ನಾತ ಹೋಗಿತ್ತು. ದೊಡ್ಡಪ್ಪ ಮೊದಲು ದನದ ಕೊಟ್ಟಿಗೆಯ ಗೋಡೆಗೆ ಬಳಿಸಿ ನೋಡಿದ. ಎರಡು ದಿನ ಕಾದು, ದನಗಳಿಗೆ ಏನೂ ಆಗಲಿಲ್ಲವೆಂದ ಮೇಲೆ ಇಡೀ ಮನೆಗೆ ಬಳಿಸಿದ. ನೀಲಿ ಬೆರೆಸಿ ಹೊಡೆದ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಓಣಿಯವರು ಬುಟ್ಟಿ ಹಿಡಿದು ಖಾದರ್ ಮಾಮನ ಗುಂಡಿಗೆ ಬಂದರು. ಹಗರಿಬೊಮ್ಮನಹಳ್ಳಿಯ ಮಾತು ಅಲ್ಲಿಗೇ ನಿಂತಿತು. ಶಾಹಿದಾ ನನ್ನ ಪಕ್ಕದ ಬೆಂಚಿನಲ್ಲೇ ಕೂತು ಪರೀಕ್ಷೆ ಬರೆದಳು, ವಿಜ್ಞಾನದಲ್ಲಿ ನನಗಿಂತ ಬಹಳ ಮೇಲೆ ಬಂದಳು. ಮುಂದೆ ಓದಿ, ತಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದಳು. ನಾನು ಮದುವೆಯಾಗಿ ಹಡಗಲಿಗೆ ಬಂದ ಮೇಲೂ ಒಂದೊಂದು ಪೋಸ್ಟ್ ಕಾರ್ಡಿನಲ್ಲಿ ಕುಶಲ ಕೇಳಿ, ಕೆಳಗೆ ಕೂಡದೆ ಒದ್ದಾಡುವ ಯಾವುದಾದರೂ ಸಮೀಕರಣ ಬರೆದು ಕಳಿಸುತ್ತಿದ್ದಳು.

ಆದರೆ ಆ ವರ್ಷವೆಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಚಳಿಗಾಲದ ಒಂದು ಮಧ್ಯಾಹ್ನ. ಪರೀಕ್ಷೆ ಹತ್ತಿರ ಬಂದಿತ್ತು. ನಾವಿಬ್ಬರೂ ಖಾದರ್ ಮಾಮನ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ನೀಲಿ ಜ್ವಾಲೆಯ ಸಮೀಕರಣ ಬರೆಯುತ್ತಿದ್ದೆವು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಅಸಿಟಿಲೀನೂ ಆಮ್ಲಜನಕವೂ ಸೇರಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಎಣಿಸಿ ಎಣಿಸಿ ಆಮ್ಲಜನಕದ ಹತ್ತಿರ ಎರಡೂವರೆಗೆ ಬಂದು ಸಿಕ್ಕಿಕೊಂಡೆ.

"ಎರಡೂವರಿ ಅಂದ್ರ? ಅರ್ಧ ಮುರಕೊಂಡು ಬರ್ತೀಯೇನು?" ಎಂದ ದೊಡ್ಡಪ್ಪ.

"ಎಲ್ಲಾನೂ ಎರಡರಷ್ಟು ಮಾಡಲೇ" ಎಂದಳು ಶಾಹಿದಾ. ಎರಡು, ಐದು, ಬಾಣ, ನಾಲ್ಕು, ಎರಡು. ಕೂಡಿತು.

"ಆ ಕಡೀಗೆ ಬರದೀರಲ್ಲ, ಅದೇನು?"

"ನೀರು, ದೊಡ್ಡಪ್ಪಾ."

"ಬೆಂಕ್ಯಾಗ ನೀರು?"

ಖಾದರ್ ಮಾಮ ನಕ್ಕ. "ನನ್ನ ಕೈಯಾಗ ಕಬ್ಬಿಣ ನೀರಾಗಿದ್ದು ನೋಡೀನಿ. ಬೆಂಕ್ಯಾಗಿಂದ ನೀರು ಬಂದಿದ್ದು ಕಂಡಿಲ್ರಿ ಮಲ್ಲಣ್ಣಾರ."

"ನಮ್ಮ ಲೆಕ್ಕದಾಗ ಐತಿ" ಎಂದೆವು ನಾವು. ಲೆಕ್ಕದಲ್ಲಿ ಇದ್ದದ್ದೆಲ್ಲ ನಿಜವಲ್ಲವೆಂದು ನಾನೇ ಕಲಿತಿದ್ದೆ. ನನ್ನ ದನಿಯಲ್ಲಿ ಅಷ್ಟು ಗಟ್ಟಿತನ ಇರಲಿಲ್ಲ.

ಶಾಹಿದಾ ಒಳಗೆ ಹೋಗಿ ಚೊಂಬಿನಲ್ಲಿ ಮಡಕೆಯ ತಣ್ಣೀರು ತಂದಳು. ಇದನ್ನು ಜ್ವಾಲೆಯ ತುದಿಗೆ ಹಿಡಿದರೆ ಹಬೆ ಕೂರಬೇಕು ಎಂದಳು. ದೊಡ್ಡಪ್ಪ ತಡೆದ.

"ತಣ್ಣೀರಿನ ಚೊಂಬು ಸುಮ್ಮನಿಟ್ರೂ ಬೆವರ್ತೈತಿ ಒಮ್ಮೊಮ್ಮೆ. ಎರಡು ತಾ. ಒಂದನ್ನ ದೂರ ಇಡು."

ಎರಡು ಚೊಂಬು ಬಂದವು. ಎರಡನ್ನೂ ದೊಡ್ಡಪ್ಪ ತನ್ನ ಧೋತರದ ಚುಂಗಿನಿಂದ ಒರೆಸಿದ. ಒಂದನ್ನು ಬಾಗಿಲ ಬಳಿ ಇಟ್ಟೆವು. ಖಾದರ್ ಮಾಮ ಕರಿ ಕನ್ನಡಕವನ್ನು ತನ್ನ ಮೂಗಿನಿಂದ ತೆಗೆದು ದೊಡ್ಡಪ್ಪನಿಗೆ ಹಾಕಿದ. ವಿಭೂತಿಯ ಹಣೆಯ ಕೆಳಗೆ ಆ ದುಂಡು ಕಪ್ಪು ಗಾಜು ನೋಡಿ ನಮಗೆ ನಗು ತಡೆಯಲಿಲ್ಲ. "ಸುಮ್ನಿರ್ರಿ, ನೋಡಾಕ ಬಿಡ್ರಿ" ಎಂದು ಗದರಿಸಿದ. ಖಾದರ್ ಮಾಮ ಜ್ವಾಲೆ ಹೊತ್ತಿಸಿ ಸಣ್ಣದು ಮಾಡಿದ. ಇಕ್ಕಳದಲ್ಲಿ ಹಿಡಿದ ಚೊಂಬನ್ನು ತುದಿಯ ಮುಂದೆ ಒಂದು ಗಳಿಗೆ ತೋರಿಸಿ ಹಿಂದಕ್ಕೆಳೆದ.

ಹೊಳೆಯುವ ಚೊಂಬಿನ ಮೇಲೆ ಅಂಗೈಯಗಲ ಮಂಜು ಕೂತಿತ್ತು. ಬಾಗಿಲ ಬಳಿಯ ಚೊಂಬು ಒಣಗಿಯೇ ಇತ್ತು.

ದೊಡ್ಡಪ್ಪ ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಿನಿಂದ ಆ ಮಂಜನ್ನು ಮೆಲ್ಲಗೆ ಸವರಿದ. ಬೆರಳು ಒದ್ದೆಯಾಗಿತ್ತು. ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳಿಗೆ ಉಜ್ಜಿ ನೋಡಿದ. ಆಮೇಲೆ ಹಿತ್ತಲಿನ ಕಡೆ ಮುಖ ಮಾಡಿ ದೊಡ್ಡಮ್ಮನಿಗೆ ಕೇಳುವಂತೆ ಕೂಗಿದ.

"ಏ, ಬಾರ ಇಲ್ಲಿ! ಕೆಲಸ ಬಿಟ್ಟು ಬಾ. ಬೆಂಕಿ ಬೆವತೈತಿ, ನೋಡ್ಬಾ!"

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಮಂಜು ಆರಿಹೋಗಿತ್ತು. ಚೊಂಬು ಎಂದಿನ ಚೊಂಬಾಗಿತ್ತು.

"ಮತ್ತೊಮ್ಮೆ ಹಚ್ಚಲೇನ್ರಿ ಮಲ್ಲಣ್ಣಾರ?" ಎಂದ ಖಾದರ್ ಮಾಮ.

"ಹಚ್ಚು" ಎಂದ ದೊಡ್ಡಪ್ಪ, ಕರಿ ಕನ್ನಡಕವನ್ನು ಮತ್ತೆ ಕಣ್ಣಿಗೆ ಇಳಿಸಿಕೊಂಡು. "ಈ ಸಲ ಚೊಂಬು ನಾ ಹಿಡೀತೀನಿ."